ಕಾಣಲಿಲ್ಲವೆಂಬ ಮಾತು

ನೋಡುವವರಾರೂ ಇಲ್ಲದ ಎಡೆಯಲ್ಲಿ, ಲಾಭವೂ ದಂಡವೂ ಇಲ್ಲದ ಒಂದು ಸಣ್ಣ ಸುಳ್ಳನ್ನು ಬರೆದಿಟ್ಟರೆ ಅದರಿಂದ ಕೆಡುವುದೇನು? ಈ ಹಳೆಯ ಪ್ರಶ್ನೆಯನ್ನು ಒರೆಗೆ ಹಚ್ಚಲು ದೊಡ್ಡ ಗ್ರಂಥಗಳನ್ನೇ ತೆರೆಯಬೇಕೆಂದಿಲ್ಲ. ಅಮೆರಿಕದಲ್ಲಿ ಹುಟ್ಟಿ ಇಂದು ಜಗತ್ತಿನ ನಾನಾ ದೇಶಗಳಿಗೆ ಹಬ್ಬಿರುವ ಜಿಯೋಕ್ಯಾಷಿಂಗ್ ಎಂಬ ಒಂದು ಆಟವೇ ಸಾಕು.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಿಂದ ನಾವು ನಿಂತ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅರಿಯಬಹುದಷ್ಟೆ. ಮೊದಲು ಅಮೆರಿಕದ ಸರಕಾರವು ಸೈನ್ಯದ ಹಿತಕ್ಕಾಗಿ, ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿದ್ದಿತು. ನೂರು ಮೀಟರಿನವರೆಗೂ ತಪ್ಪು ಬೀಳುತ್ತಿತ್ತು. 2000ದ ಮೇ 2ರಂದು, ಕ್ಲಿಂಟನ್ನರು ಅಧ್ಯಕ್ಷರಾಗಿದ್ದಾಗ, ಆ ತೆರೆಯನ್ನು ಸರಿಸಲಾಯಿತು. ಮರುದಿನವೇ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಉಲ್ಮರ್ ಎಂಬವರು ಕೆಲವು ವಸ್ತುಗಳನ್ನು ತುಂಬಿದ ಬಕೆಟ್ಟೊಂದನ್ನು ಬಚ್ಚಿಟ್ಟು, ಅದರ ಸ್ಥಾನವನ್ನು ಅಂಕಿಗಳಲ್ಲಿ ಪ್ರಕಟಿಸಿದರು. ಮೂರು ದಿನಗಳೊಳಗೆ ಇಬ್ಬರು ಅದನ್ನು ಕಂಡುಹಿಡಿದರು. (ಅದರಲ್ಲಿ ಬೇಯಿಸಿದ ಕಾಳಿನ ಒಂದು ತಗಡಿನ ಡಬ್ಬಿಯೂ ಇತ್ತು. ಈಗ ತಿನಿಸು ಇಡಲು ನಿಷೇಧವಿದೆ. ಕಾಡುಪ್ರಾಣಿಗಳು ವಾಸನೆ ಹಿಡಿದು ಬರುತ್ತವೆ.) ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಏನನ್ನಾದರೂ ಒಯ್ದರೆ ಅಷ್ಟೇ ಬೆಲೆಯದನ್ನು ಇಡಬೇಕು, ಇದ್ದಂತೆಯೇ ಮುಚ್ಚಿ ಬರಬೇಕು. ನಿಯಮಗಳು ಇಷ್ಟೆ.

ಈಗ ನೀವೇ ಆ ಸೀಮೆಯ ಕ್ಯಾಸ್ಕೇಡ್ ಪರ್ವತಗಳಲ್ಲಿ ಒಂದು ಕಾಡುತೊರೆಯ ಗುಂಟ ಏರುತ್ತಿರುವಿರೆಂದು ಭಾವಿಸಿರಿ. ಗಗನಚುಂಬಿಯಾದ ಡಗ್ಲಾಸ್ ಫರ್ ಮರಗಳು. ಉರುಳಿಬಿದ್ದ ಬೊಡ್ಡೆಗಳ ಮೇಲೆ ಅಂಗೈ ದಪ್ಪದ ಹಾವಸೆ. ಹೆಜ್ಜೆಯಿಟ್ಟರೆ ಜಾರುವ ಕಲ್ಲುಗಳು. ಹಿಮ ಕರಗಿದ ನೀರು ಮೊಣಕಾಲನ್ನು ಕೊರೆಯುತ್ತದೆ. ಕಣಿವೆ ಆಳವಾದಷ್ಟೂ ಆಕಾಶ ಕಿರಿದಾಗುತ್ತದೆ. ಸ್ಥಾನವನ್ನು ಅರಿಯಲು ನಾಲ್ಕು ಉಪಗ್ರಹಗಳಾದರೂ ಬೇಕು; ಇಲ್ಲಿ ಬಂಡೆಗೆ ಬಡಿದು ಮರಳಿದ ಸಂಕೇತವು ಉಪಕರಣವನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ಆ ದಡ ಎನ್ನುತ್ತದೆ, ಒಮ್ಮೆ ಈ ದಡ ಎನ್ನುತ್ತದೆ. ಕೊನೆಯ ಇಪ್ಪತ್ತು ಮೀಟರುಗಳಲ್ಲಿ ಕಣ್ಣೇ ಗತಿ. ಎರಡು ತಾಸು ಹುಡುಕಿದಿರಿ. ಡಬ್ಬಿ ಸಿಗಲಿಲ್ಲ. ಹೊತ್ತು ಇಳಿಯಿತು.

ಊರಿಗೆ ಮರಳಿ ಏನೆಂದು ವರದಿ ಬರೆಯುವಿರಿ? ಕಂಡೆನೆಂದು ಹಸಿಯ ಸುಳ್ಳನ್ನು ಬರೆಯುವವರು ಉಂಟು. ಅವರ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ನನ್ನನ್ನು ಕಾಡುವವನು ಇನ್ನೊಬ್ಬ. ಅವನು ತನ್ನ ಚೀಲದಿಂದ ಒಂದು ಹೊಸ ಡಬ್ಬಿಯನ್ನು ತೆಗೆದು, ಅದರಲ್ಲಿ ಕಾಗದವಿಟ್ಟು ತನ್ನ ಹೆಸರನ್ನು ಬರೆದು, ಕಲ್ಲಿನ ಸಂದಿಯಲ್ಲಿ ಇಟ್ಟು ಬರುತ್ತಾನೆ. “ಹಳೆಯದು ಕಳೆದಿರಬೇಕು, ಮುಂದಿನವರ ಅನುಕೂಲಕ್ಕೆ ಹೊಸದನ್ನಿಟ್ಟಿದ್ದೇನೆ” ಎಂದು ಬರೆದು, ಕಂಡವರ ಲೆಕ್ಕದಲ್ಲಿ ಸೇರಿಕೊಳ್ಳುತ್ತಾನೆ. ಇದು ಸುಳ್ಳೆ, ಉಪಕಾರವೆ?

ನೋಡಲಿಕ್ಕೆ ಉಪಕಾರವೇ ಸರಿ. ಆದರೆ ಹಳೆಯದು ಕಳೆದಿದೆಯೆಂದು ಅವನಿಗೆ ಹೇಳಿದವರಾರು? ತನಗೆ ಕಾಣದಿದ್ದುದನ್ನು ಇಲ್ಲವೇ ಇಲ್ಲವೆಂದು ಅವನು ನಿರ್ಣಯಿಸಿದನು. ಮೂಲದ ಡಬ್ಬಿಯು ಮೂರು ಮಾರು ಆಚೆ ಬೊಡ್ಡೆಯ ಪೊಟರೆಯಲ್ಲಿ ಕುಳಿತೇ ಇರಬಹುದು. ಮುಂದೆ ಬಂದವನು ಸುಲಭದಲ್ಲಿದ್ದ ಈ ಡಬ್ಬಿಯನ್ನು ಕಂಡು, ಬಚ್ಚಿಟ್ಟವನ ಜಾಣ್ಮೆ ಇಷ್ಟೇ ಏನೆಂದು ಹಿಂತಿರುಗುತ್ತಾನೆ. ಅವನ ಹುಡುಕಾಟವನ್ನು ಕಸಿದುಕೊಂಡವರು ಯಾರೆಂಬುದು ಅವನಿಗೆ ಗೊತ್ತಾಗುವುದೇ ಇಲ್ಲ. ಪರರ ಹಿತದ ಹೆಸರಿನಲ್ಲಿ ತನ್ನ ಸೋಲನ್ನು ಮುಚ್ಚಿಕೊಂಡ ಕಾರಣ, ಈ ಸುಳ್ಳು ಹಸಿಯ ಸುಳ್ಳಿಗಿಂತ ಕಠಿಣವಾದುದೆಂದು ನನ್ನ ಎಣಿಕೆ. ಹಸಿಯ ಸುಳ್ಳನ್ನಾಡಿದವನಿಗೆ ತಾನು ಮಾಡಿದ್ದೇನೆಂಬುದು ಗೊತ್ತು. ಇವನಿಗೆ ಅದೂ ಗೊತ್ತಿಲ್ಲ.

“ಆಟವಲ್ಲವೆ ಸ್ವಾಮಿ, ಇಷ್ಟೇಕೆ ಬಿಗಿ?” ಎಂದು ನೀವು ಕೇಳಬಹುದು. ವ್ಯಾಪಾರದಲ್ಲಿ ತಕ್ಕಡಿಯುಂಟು, ನ್ಯಾಯಾಲಯದಲ್ಲಿ ಸಾಕ್ಷಿಯುಂಟು, ಪರೀಕ್ಷೆಗೆ ಮೇಲ್ವಿಚಾರಕರುಂಟು. ಇಲ್ಲಿ ಆ ಕಾವಲು ಇಲ್ಲ. ಡಬ್ಬಿಯನ್ನು ಇಟ್ಟವನು ಮುಖ ಕಾಣದ ಅಪರಿಚಿತರನ್ನು ನಂಬಿ ಇಟ್ಟಿರುತ್ತಾನೆ. ಗೆದ್ದವನಿಗೆ ಬಹುಮಾನವೆಂದರೆ ಒಂದು ಗೋಲಿ ಅಥವಾ ಮಕ್ಕಳ ಆಟಿಕೆ. ಕಂಡೆನೆಂಬ ಮಾತು ನಿಜವಾಗದಿದ್ದರೆ ಇಡೀ ಕಾರ್ಯದಲ್ಲಿ ಉಳಿಯುವುದೇನು? ಕಾಲುನೋವು ಮಾತ್ರ.

ಎಣಿಕೆಯ ಹುಚ್ಚಿನಿಂದ ಕಾಡಿಗೂ ಪೆಟ್ಟು ತಪ್ಪಿದ್ದಲ್ಲ. ಹೇಗಾದರೂ ಕಾಣಲೇಬೇಕೆಂದು ಹಟ ಹಿಡಿದವನು ಕಲ್ಲುಗಳನ್ನು ಮಗುಚುತ್ತಾನೆ, ವರ್ಷಗಟ್ಟಲೆ ಬೆಳೆದ ಹಾವಸೆಯನ್ನು ಕೀಳುತ್ತಾನೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅಪ್ಪಣೆಯಿಲ್ಲದೆ ಡಬ್ಬಿಯಿಡುವಂತಿಲ್ಲ. ಡಬ್ಬಿಯೇ ಇಲ್ಲದ, ಭೂರಚನೆಯನ್ನು ನೋಡಿ ಪ್ರಶ್ನೆಗಳಿಗೆ ಉತ್ತರ ಬರೆಯುವ ಒಂದು ಬಗೆಯೂ 2004ರಿಂದ ನಡೆದುಬಂದಿದೆ. ನನಗೆ ಅದು ಹೆಚ್ಚು ಮೆಚ್ಚುಗೆ.

ಇನ್ನು ಉಳಿದವನು, “ಹುಡುಕಿದೆ, ಕಾಣಲಿಲ್ಲ” ಎಂದು ಬರೆಯುವವನು. ಅವನ ಎಣಿಕೆ ಏರುವುದಿಲ್ಲ, ಓದಿದವರು ಹೊಗಳುವುದೂ ಇಲ್ಲ. ಆದರೆ ಡಬ್ಬಿಯಿಟ್ಟವನಿಗೆ ಕಾಡಿನಿಂದ ಬರುವ ಉಪಯುಕ್ತ ಸುದ್ದಿ ಅದೊಂದೇ. ಅಂಥ ಎರಡು ಮೂರು ವರದಿಗಳು ಒಂದರ ಹಿಂದೊಂದು ಬಂದರೆ, ಮಳೆಗಾಲದ ನೆರೆಯು ಡಬ್ಬಿಯನ್ನು ಕೊಂಡೊಯ್ದಿರಬಹುದೆಂದು ಅವನಿಗೆ ಸಂದೇಹ ಹುಟ್ಟುತ್ತದೆ. ಆಗ ಅವನೇ ಒಣ ಕಾಗದವನ್ನೂ ಹೊಸ ಮುಚ್ಚಳವನ್ನೂ ಹೆಗಲಿಗೇರಿಸಿ, ಅದೇ ಜಾರುಗಲ್ಲುಗಳ ಮೇಲೆ ತೊರೆಯನ್ನು ಹತ್ತಿಹೋಗಿ ನೋಡುತ್ತಾನೆ.