ಜಾಣ ಕಿವುಡು

ಕಳೆದ ವರ್ಷ ಜುಲೈ ತಿಂಗಳಲ್ಲಿ ನನ್ನ ಕಾರಿನ ಮುಂದಿನ ಎಡಗಾಲಿಯಿಂದ ಸಣ್ಣಗೆ ‘ಕಿಂಯ್’ ಎನ್ನುವ ಸಪ್ಪಳ ಶುರುವಾಯಿತು. ಪುಣೆಯಲ್ಲಿ ಮಳೆ ಹಿಡಿದುಕೊಂಡಿದ್ದ ದಿನಗಳು ಅವು. ವಾರಜೆಯಿಂದ ಹಿಂಜವಡಿಗೆ ಆಫೀಸಿಗೆ ಹೋಗುವಾಗ, ಗೋಡೆಯ ಪಕ್ಕ ನಿಧಾನ ಸಾಗುವಾಗ ಅದು ಚೆನ್ನಾಗಿ ಕೇಳಿಸುತ್ತಿತ್ತು. ಬ್ರೇಕ್ ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು.

ನನ್ನ ಬಳಿ ತಕ್ಷಣವೇ ಒಂದು ಕಾರಣ ಸಿದ್ಧವಿತ್ತು. ಬ್ರೇಕಿನ ಡಿಸ್ಕ್ ಬೀಡುಕಬ್ಬಿಣದ್ದು. ರಾತ್ರಿಯಿಡೀ ಮಳೆಯಲ್ಲಿ ನಿಂತರೆ ಅದರ ಮೇಲೆ ತೆಳ್ಳಗೆ ತುಕ್ಕು ಕೂರುತ್ತದೆ, ಬೆಳಿಗ್ಗೆ ಗಾಡಿ ಹೊರಟಾಗ ಉಜ್ಜಿದಂತೆ ಸಪ್ಪಳ ಬರುತ್ತದೆ. ಇದು ಸುಳ್ಳಲ್ಲ. ಆದರೆ ಆ ತುಕ್ಕು ಮೂರು ನಾಲ್ಕು ಸಲ ಬ್ರೇಕ್ ಹಾಕುವುದರೊಳಗೆ ಸವೆದುಹೋಗುತ್ತದೆ. ನನ್ನ ಸಪ್ಪಳ ಹಿಂಜವಡಿಯ ತನಕ ಬರುತ್ತಿತ್ತು, ಸಂಜೆ ನನ್ನ ಜೊತೆಗೇ ಮನೆಗೂ ಮರಳುತ್ತಿತ್ತು. ಆ ವ್ಯತ್ಯಾಸವನ್ನು ನಾನು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ. ಅದರ ಮುಂದಿನ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಎಂಟೆಕ್ ಓದಿದ್ದರಿಂದ ನನಗಾದ ಲಾಭ ಇಷ್ಟೇ: ಬೇರೆಯವರಿಗಿಂತ ಚೆಂದದ ನೆಪ ಸಿಕ್ಕಿತು.

ಒಂದು ಭಾನುವಾರ ಮೊಬೈಲಿನ ಟಾರ್ಚ್ ಹಿಡಿದು ಗಾಲಿಯ ಸಂದಿಯಲ್ಲಿ ಇಣುಕಿಯೂ ನೋಡಿದೆ. ಹೊರಗಡೆಯ ಬ್ರೇಕ್ ಪ್ಯಾಡ್ ಸಾಕಷ್ಟು ದಪ್ಪ ಇತ್ತು. ಸಮಾಧಾನವಾಯಿತು. ಹತ್ತು ದಿನಕ್ಕೆ ‘ಕಿಂಯ್’ ತಾನಾಗಿಯೇ ನಿಂತುಬಿಟ್ಟಿತು. ‘ನೋಡಿದ್ಯಾ, ಹೋಯ್ತು’ ಎಂದು ಹೆಂಡತಿಗೆ ಹೇಳಿದೆ. ಮತ್ತೆರಡು ದಿನಕ್ಕೆ ಬ್ರೇಕ್ ಒತ್ತಿದಾಗ ಮಾತ್ರ ‘ಗರ್ರ್’ ಎನ್ನುವ ಬೇರೆಯೇ ಸಪ್ಪಳ ಬಂತು. ಹಾಡಿನ ವಾಲ್ಯೂಮ್ ಎರಡು ಗೆರೆ ಏರಿಸಿದೆ.

ಆ ವಾರವೇ ಹೆಂಡತಿಯ ತಮ್ಮ ಕಾರು ಕೇಳಿದ. ಅವನೂ ಪುಣೆಯಲ್ಲೇ ಕೆಲಸದಲ್ಲಿದ್ದಾನೆ. ಅವನ ಹೆಂಡತಿಗೆ ಏಳು ತಿಂಗಳು, ಕುಬಸಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. ನಾನೂರು ಕಿಲೋಮೀಟರ್ ದಾರಿ. ಸಾತಾರಾಕ್ಕೆ ಮುಂಚೆ ಖಂಬಾಟಕಿ ಘಾಟ್, ಬರುವಾಗ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು. 2022ರ ನವೆಂಬರಿನಲ್ಲಿ ಒಂದೇ ಭಾರಿ ವಾಹನ ಸಾಲುಸಾಲು ಗಾಡಿಗಳಿಗೆ ಬಡಿದುಕೊಂಡು ಹೋದ ಜಾಗ ಅದು. ಪುಣೆಯ ಕನ್ನಡಿಗರಿಗೆ ಊರಿನ ದಾರಿ ಎಂದರೆ ಇದೇ, ನಾನು ಬಿಡಿಸಿ ಹೇಳಬೇಕಿಲ್ಲ.

ಕೀಲಿ ಕೊಡುವಾಗ ಎಲ್ಲ ಹೇಳಿದೆ. ಫಾಸ್ಟ್ಯಾಗಿನಲ್ಲಿ ದುಡ್ಡಿದೆ, ಗಾಳಿ ತುಂಬಿಸಿದ್ದೇನೆ, ಕಾಗದಪತ್ರ ಮುಂದಿನ ಡಬ್ಬಿಯಲ್ಲಿವೆ, ಹಿಂದಿನ ಬಲಗಡೆಯ ಬಾಗಿಲು ಸ್ವಲ್ಪ ಜೋರಾಗಿ ಹಾಕಬೇಕು. ಸಪ್ಪಳದ ಮಾತು ಬಾಯಿಯವರೆಗೆ ಬಂದಿತ್ತು. ಹೇಳಿದರೆ ಅವನು ಗಾಡಿ ಒಯ್ಯುವುದಿಲ್ಲ, ಅಥವಾ ನಾನು ಆ ಸಂಜೆಯೇ ಗ್ಯಾರೇಜಿಗೆ ಓಡಬೇಕು. ಆವತ್ತು ರಾತ್ರಿ ನಮ್ಮ ಪ್ರಾಜೆಕ್ಟಿನ ರಿಲೀಸ್ ಇತ್ತು. ಮಾತನ್ನು ನುಂಗಿಕೊಂಡೆ.

ಹೇಳಿಬಿಡುತ್ತೇನೆ, ಏನೂ ಆಗಲಿಲ್ಲ. ಅವರು ಸುಖವಾಗಿ ಹೋಗಿ, ಕುಬಸ ಮುಗಿಸಿ, ಫೇಡೆಯ ಡಬ್ಬಿಯೊಂದಿಗೆ ಸೋಮವಾರ ಬಂದರು. ಇದು ಅಪಘಾತದ ಕಥೆಯಲ್ಲ. ಏನೂ ಆಗಲಿಲ್ಲ ಎಂಬುದೇ ಇಲ್ಲಿನ ತೊಡಕು.

ಮುಂದಿನ ಶನಿವಾರ ಗ್ಯಾರೇಜಿಗೆ ಹೋದೆ. ಅಲ್ಲಿಯ ಮಿಸ್ತ್ರಿ ಇಂಡಿ ತಾಲೂಕಿನವರು, ಪುಣೆಗೆ ಬಂದು ಬಹಳ ವರ್ಷವಾಗಿದೆ. ಅವರು ಗಾಡಿಗೆ ಕೈ ಹಚ್ಚುವ ಮೊದಲು ನನಗೇ ಪ್ರಶ್ನೆ ಹಾಕತೊಡಗಿದರು. ಸಪ್ಪಳ ಬ್ರೇಕ್ ಒತ್ತಿದಾಗ ಬರ್ತದೋ, ಬಿಟ್ಟಾಗೋ? ಸ್ಪೀಡ್ ಹೆಚ್ಚಾದಂಗ ಹೆಚ್ಚಾಗ್ತದೋ? ತಿರುವಿನ್ಯಾಗ ಬದಲಾಗ್ತದೋ? ಗಾಲಿ ತಿರುಗಿದ ಹಂಗ ತಾಳ ಹಾಕ್ತದೋ, ಒಂದೇ ಸವನ ಕೊರೀತದೋ?

ಪ್ರತಿ ಪ್ರಶ್ನೆಯೂ ಒಂದೊಂದು ಅನುಮಾನವನ್ನು ತೆಗೆದುಹಾಕುವ ಕೆಲಸ ಮಾಡುತ್ತಿತ್ತು. ಬ್ರೇಕಿನ ಹಂಗಿಲ್ಲದೆ ವೇಗದ ಜೊತೆ ಏರುವ ‘ಗುಂಯ್’ ಆದರೆ ಗಾಲಿಯ ಬೇರಿಂಗ್ ಇರಬಹುದು. ಎಡಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬಲಗಡೆಗೆ ವಾಲುತ್ತದೆ. ಆಗ ಗುಂಯ್‌ಗುಡುವುದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗಿನದೇ ತಪ್ಪು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ‘ಕಟಕಟ’ ಎಂದರೆ ಆಕ್ಸಲಿನ ಜಾಯಿಂಟ್ ನೋಡಬೇಕು. ಹಠಾತ್ತನೆ ಶುರುವಾದ ಕಿವಿಗಡಚಿಕ್ಕುವ ಕೆರೆತವಾದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಒಂದು ಹರಳು ಸಿಕ್ಕಿಕೊಂಡಿರಬಹುದು. ಬ್ರೇಕ್ ಬಿಟ್ಟಾಗ ಕಿರುಚಿ ಒತ್ತಿದಾಗ ಸುಮ್ಮನಾಗುವುದು ಬೇರೆ. ಒತ್ತಿದಾಗ ಗರಗರ ಅನ್ನುವುದು ಇನ್ನೂ ಬೇರೆ. ನಾನು ಒಂದೊಂದಾಗಿ ಉತ್ತರ ಕೊಡುತ್ತ ಹೋದೆ. ನನಗೆ ಎಲ್ಲವೂ ಗೊತ್ತಿತ್ತು ಎಂಬುದು ನನಗೆ ತಿಳಿದದ್ದೇ ಆಗ. ಮೂರು ವಾರ ‘ಏನೋ ಸಪ್ಪಳ’ ಎನ್ನುತ್ತಿದ್ದವನ ತಲೆಯಲ್ಲಿ ಪೂರಾ ದಾಖಲೆ ಕೂತಿತ್ತು.

ಗಾಲಿ ಬಿಚ್ಚಿದರು. ಹೊರಗಡೆಯ ಪ್ಯಾಡ್ ನಾನು ನೋಡಿದ ಹಾಗೆಯೇ ದಪ್ಪ ಇತ್ತು. ಒಳಗಡೆಯದು ಕಬ್ಬಿಣದವರೆಗೆ ಸವೆದಿತ್ತು. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಅದರಲ್ಲೊಂದು ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಹೀಗಾಗಿ ಒಳಗಿನ ಪ್ಯಾಡ್ ಒಂದೇ ದುಡಿದು ಸತ್ತಿತ್ತು. ಡಿಸ್ಕಿನ ಒಳಮೈಯಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರುಗಳು.

ಮಿಸ್ತ್ರಿ ಪ್ಯಾಡಿನ ಅಂಚಿನಲ್ಲಿ ಮುರಿದುಳಿದ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿಯನ್ನು ತೋರಿಸಿದರು. “ಇದು ಕೂಗಲಿಕ್ಕೇ ಇಟ್ಟದ್ರಿ ಸಾಹೇಬ್ರ. ಕೂಗಿ ಕೂಗಿ ಮುರದ ಹೋಗೇದ.”

ಹೊಸ ಪ್ಯಾಡಿನ ಮೇಲೆ ಹತ್ತು ಮಿಲಿಮೀಟರಿನ ಆಸುಪಾಸು ಲೈನಿಂಗ್ ಇರುತ್ತದೆ. ಸವೆದು ಎರಡು ಮೂರು ಮಿಲಿಮೀಟರಿಗೆ ಬಂದಾಗ ಈ ಪಟ್ಟಿ ಡಿಸ್ಕಿಗೆ ತಾಗುತ್ತದೆ, ಕಿರುಚುತ್ತದೆ. ಅಂದರೆ ನನ್ನ ‘ಕಿಂಯ್’ ಯಾವ ದೋಷದ ಸಪ್ಪಳವೂ ಆಗಿರಲಿಲ್ಲ. ಯಾರೋ ಒಬ್ಬ ಎಂಜಿನಿಯರ್, ಸಹಿಸಲಾಗದಂತೆ ಇರಲಿ ಎಂದೇ ಯೋಚಿಸಿ ಇಟ್ಟ ಸಪ್ಪಳ. ಇನ್ನೂ ಸಮಯವಿದೆ ಎಂದು ಹೇಳುವುದೇ ಅದರ ಕೆಲಸ. ಅದು ನಿಂತಾಗ ನಾನು ಖುಷಿಪಟ್ಟಿದ್ದೆ.

ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ಜನರೂ ಸಾಮಾನೂ ಸೇರಿ ಸುಮಾರು 1,200 ಕಿಲೋ ತೂಗುವ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ ಅದನ್ನು ನಿಲ್ಲಿಸಲು ಬ್ರೇಕುಗಳು ಸುಮಾರು 3 ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ನುಂಗಬೇಕು. ಹೆಚ್ಚೂಕಡಿಮೆ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಅದೂ ಒಂದು ಸಲ ನಿಲ್ಲಿಸಲು. ಇಳಿಜಾರಿನಲ್ಲಿ ಇಂಥದ್ದು ಮತ್ತೆ ಮತ್ತೆ ಬೇಕು. ಆ ಕೆಲಸಕ್ಕೆ ನಾನು ಕೊಟ್ಟು ಕಳಿಸಿದ್ದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಒಂದು ಗಾಲಿ.

ಈಗ ಪ್ರಶ್ನೆಗೆ ಬರುತ್ತೇನೆ. ಏನೂ ಆಗದಿದ್ದ ಮೇಲೆ ನಾನು ಮಾಡಿದ್ದು ತಪ್ಪೇ? ತಪ್ಪಾದರೆ, ಎಷ್ಟು ದೊಡ್ಡದು?

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಕುರಿತು ಒಂದು ಪ್ರಬಂಧ ಬರೆದ. ಅದು ಶುರುವಾಗುವುದೇ ಒಬ್ಬ ಹಡಗಿನ ಮಾಲೀಕನಿಂದ. ವಲಸೆ ಹೊರಟ ಕುಟುಂಬಗಳನ್ನು ಹೊತ್ತೊಯ್ಯಬೇಕಾದ ಹಳೆಯ ಹಡಗು. ಮಾಲೀಕನಿಗೆ ಅನುಮಾನವಿದೆ, ರಿಪೇರಿ ಮಾಡಿಸಿದರೆ ಖರ್ಚು. ಎಷ್ಟೋ ಬಿರುಗಾಳಿ ದಾಟಿ ಬಂದ ಹಡಗು ಇದನ್ನೂ ದಾಟೀತು ಎಂದು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆಯ ಹಣ ಪಡೆಯುತ್ತಾನೆ. ಅವನು ತಪ್ಪಿತಸ್ಥ ಎನ್ನಲು ಕ್ಲಿಫರ್ಡ್ ಬೇಕಿಲ್ಲ. ಆದರೆ ಕ್ಲಿಫರ್ಡ್ ಮುಂದುವರಿದು ಕೇಳುತ್ತಾನೆ: ಹಡಗು ಸುರಕ್ಷಿತವಾಗಿ ದಡ ಸೇರಿದ್ದರೆ? ತಪ್ಪು ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಸಿಕ್ಕಿಬೀಳುವುದಿಲ್ಲ ಅಷ್ಟೇ ಎಂಬುದು ಅವನ ಉತ್ತರ. ಮಾಲೀಕನ ನಂಬಿಕೆ ಪ್ರಾಮಾಣಿಕವಾಗಿದ್ದರೂ ಸಾಲದು, ಅದನ್ನು ಅವನು ವಿಚಾರಿಸಿ ಗಳಿಸಿರಲಿಲ್ಲ.

ಸರಿಯಾಗಿ ನೂರು ವರ್ಷದ ಆಸುಪಾಸಿನಲ್ಲಿ ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗಲ್ ಇದೇ ಗಂಟನ್ನು ಇನ್ನೊಂದು ತುದಿಯಿಂದ ಹಿಡಿದ. ನೈತಿಕ ಅದೃಷ್ಟದ ಕುರಿತ ಅವನ ಲೇಖನದಲ್ಲಿ ಬ್ರೇಕ್ ತಪಾಸಣೆ ಮಾಡಿಸದ ಚಾಲಕನೊಬ್ಬ ಬರುತ್ತಾನೆ. ಮಗುವೊಂದು ಅಡ್ಡ ಬಂದು ಸತ್ತರೆ ಅವನು ಜೀವಮಾನವಿಡೀ ತನ್ನನ್ನು ದೂಷಿಸಿಕೊಳ್ಳುತ್ತಾನೆ. ಮಗು ಬರದಿದ್ದರೆ ಅದೇ ನಿರ್ಲಕ್ಷ್ಯಕ್ಕೆ ಹೆಚ್ಚಿನ ಬೆಲೆ ಇಲ್ಲ. ಮಗು ಬರುವುದು ಬಾರದಿರುವುದು ಅವನ ಕೈಯಲ್ಲಿರಲಿಲ್ಲ. ಆದರೂ ಲೋಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ನನಗೆ ಅನ್ನಿಸುವುದು, ಇಬ್ಬರೂ ಬೇರೆ ಬೇರೆ ಲೆಕ್ಕದ ಪುಸ್ತಕ ಓದುತ್ತಿದ್ದಾರೆ. ಕೋರ್ಟು, ನೆಂಟರು, ನೆರೆಹೊರೆ ಎಲ್ಲರೂ ಪರಿಣಾಮ ನೋಡಿಯೇ ತೀರ್ಪು ಕೊಡುತ್ತಾರೆ, ಬೇರೆ ದಾರಿಯೂ ಅವರಿಗಿಲ್ಲ. ನನ್ನ ತಲೆಯೊಳಗಿನ ದಾಖಲೆ ಅವರಿಗೆ ಕಾಣುವುದಿಲ್ಲ. ಅದು ಕಾಣುವುದು ನನಗೊಬ್ಬನಿಗೇ. ಹಾಗಾಗಿ ನನ್ನ ಲೆಕ್ಕವನ್ನು ಸೋಮವಾರ ಅವರು ಮರಳಿದ ಗಳಿಗೆಯಿಂದ ಶುರುಮಾಡುವಂತಿಲ್ಲ, ಶುಕ್ರವಾರ ಸಂಜೆ ಕೀಲಿ ಕೈ ಬದಲಾದ ಗಳಿಗೆಯಿಂದ ಶುರುಮಾಡಬೇಕು. ಆಗ ನನಗೆ ಏನು ಗೊತ್ತಿತ್ತು, ಏನನ್ನು ಗೊತ್ತುಮಾಡಿಕೊಳ್ಳಬಾರದು ಎಂದು ನಾನು ಎಚ್ಚರ ವಹಿಸಿದ್ದೆ?

ಇದಕ್ಕೆ ಒಂದು ಒಳ್ಳೆಯ ಆಕ್ಷೇಪವಿದೆ. ಹೀಗೆ ಪ್ರತಿಯೊಂದು ಸಪ್ಪಳದ ಬೆನ್ನು ಹತ್ತಿದರೆ ಬದುಕು ಸಾಗುತ್ತದೆಯೇ? ಹಳೆಯ ಕಾರು ನೂರು ಸಪ್ಪಳ ಮಾಡುತ್ತದೆ, ದೇಹವೂ ಮಾಡುತ್ತದೆ. ಎಲ್ಲಕ್ಕೂ ಹೆದರುವವನು ವಿವೇಕಿಯಲ್ಲ, ರೋಗಿ. ಒಪ್ಪುತ್ತೇನೆ. ಆದರೆ ನನ್ನ ಮೇಲಿದ್ದ ಹೊಣೆ ಎಲ್ಲ ಸಪ್ಪಳ ನಿಲ್ಲಿಸುವುದಲ್ಲ, ಎರಡು ಅಗ್ಗದ ಕೆಲಸ ಮಾಡುವುದು. ಒಂದು, ಮಿಸ್ತ್ರಿ ಕೇಳಿದ ನಾಲ್ಕು ಪ್ರಶ್ನೆಗಳನ್ನು ನಾನೇ ಕೇಳಿಕೊಳ್ಳುವುದು. ಅದಕ್ಕೆ ಐದು ನಿಮಿಷ ಸಾಕು. ಇನ್ನೊಂದು, ಅನುಮಾನ ತೀರದಿದ್ದರೆ ಅಪಾಯ ಹೊರುವವನಿಗೆ ಆ ಅನುಮಾನವನ್ನೂ ಕೀಲಿಯ ಜೊತೆ ಕೊಡುವುದು. ರಸ್ತೆಯಲ್ಲಿ ಬೇರೆಯವರೂ ಇರುವುದರಿಂದ ಆ ಗಾಡಿಯನ್ನು ನಾನೊಬ್ಬನೇ ಓಡಿಸಿದ್ದರೂ ಪೂರಾ ನನ್ನ ಸ್ವಂತ ವಿಷಯವಾಗುತ್ತಿರಲಿಲ್ಲ. ಆದರೆ ಗೊತ್ತಿದ್ದು ಕೂತುಕೊಳ್ಳುವುದಕ್ಕೂ ಗೊತ್ತಿಲ್ಲದವನನ್ನು ಕೂರಿಸುವುದಕ್ಕೂ ದೊಡ್ಡ ಅಂತರವಿದೆ. ನಾನು ಅವನಿಗೆ ಕಾರಿನ ಜೊತೆ ನನ್ನ ಅಪಾಯವನ್ನೂ ದಾಟಿಸಿದೆ, ಅದರ ಸುದ್ದಿಯನ್ನು ಮಾತ್ರ ಉಳಿಸಿಕೊಂಡೆ.

ನಮ್ಮಲ್ಲಿ ಇದಕ್ಕೆ ‘ಜಾಣ ಕಿವುಡು’ ಎನ್ನುತ್ತಾರೆ. ಆ ಮಾತಿನಲ್ಲಿ ಇಡೀ ರೋಗದ ಪತ್ತೆ ಇದೆ. ಕಿವುಡನಿಗೆ ಕೇಳಿಸುವುದಿಲ್ಲ. ಜಾಣ ಕಿವುಡನಿಗೆ ಮೊದಲು ಕೇಳಿಸುತ್ತದೆ, ಆಮೇಲೆ ಜಾಣತನ ಕೆಲಸ ಮಾಡುತ್ತದೆ. ಓದು ಹೆಚ್ಚಿದಷ್ಟೂ ಈ ಕಿವುಡು ನಯವಾಗುತ್ತದೆ. ಆಫೀಸಿನಲ್ಲಿ ನನ್ನ ತಂಡದ ಹುಡುಗಿಯೊಬ್ಬಳು ರಿಲೀಸಿಗೆ ಮುಂಚೆ, ಒಂದು ಸರ್ವಿಸ್ ಆಗೀಗ ಟೈಮ್‌ಔಟ್ ಆಗುತ್ತಿದೆ, ಕಾರಣ ಗೊತ್ತಾಗುತ್ತಿಲ್ಲ ಎಂದಿದ್ದಳು. ನಾನು “ಮಾನಿಟರ್ ಮಾಡೋಣ” ಎಂದಿದ್ದೆ. ವಾರದ ವರದಿಯಲ್ಲಿ ಬಣ್ಣ ಹಸಿರೇ ಇತ್ತು. ಅವಳು ಎರಡನೆಯ ಸಲ ಹೇಳಿದಳು, ಮೂರನೆಯ ಸಲ ಹೇಳಲಿಲ್ಲ. ಆ ಪಟ್ಟಿಯ ಚೂರನ್ನು ಕೈಯಲ್ಲಿ ಹಿಡಿದಾಗ ನನಗೆ ಮೊದಲು ನೆನಪಾದದ್ದು ಅವಳು. ಸೋಮವಾರ ಹೋಗಿ, ಆ ಟೈಮ್‌ಔಟ್ ಎಲ್ಲಿಗೆ ಬಂತು ಎಂದು ಕೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿ, “ಇನ್ನೂ ಬರ್ತಿದೆ ಸರ್, ನೀವು ಕೇಳಲಿಲ್ಲ” ಎಂದಳು.

ಹೆಂಡತಿಯ ತಮ್ಮನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿ ಉಪಯೋಗವೇನು, ಅವನ ಮನಸ್ಸಿಗೆ ಸುಮ್ಮನೆ ತ್ರಾಸು ಎಂದೂ ಯೋಚಿಸಿದೆ. ಅದು ಇನ್ನೊಂದು ‘ತುಕ್ಕಿನ ಸಪ್ಪಳ’ದ ನೆಪ ಎಂದು ಗೊತ್ತಾಗಲು ಎರಡು ದಿನ ಹಿಡಿಯಿತು. ಕೊನೆಗೆ ಅವನ ಮನೆಗೇ ಹೋಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಚಹಾದ ಕಪ್ಪನ್ನೇ ನೋಡುತ್ತಿದ್ದ.

“ಮಾಮಾ, ಆ ಸಪ್ಪಳ ನನಗೂ ಕೇಳಿಸಿತ್ತು. ಗಾಡಿ ನಿಮ್ಮದು, ಕೇಳಿ ತಂದದ್ದು. ಅದಕ್ಕ ಹೆಸರಿಡೂದು ಹೆಂಗ ಅಂತ ಸುಮ್ಮನಾದ್ನಿ. ಖಂಬಾಟಕಿ ಹತ್ರ ಇಕೀನೂ ಕೇಳಿದ್ಲು, ಏನದು ಅಂತ. ಮಳೀಗೆ ಹಂಗಾಗ್ತದ ಅಂತ ಹೇಳ್ದೆ.”

ನನ್ನ ನೆಪವನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಅದು ಅವನಿಗೂ ತಾನಾಗಿಯೇ ಹೊಳೆದಿತ್ತು.

ದೀಪಾವಳಿಗೆ ಅವನು ಮತ್ತೆ ಕಾರು ಕೇಳಿದ, ಮಗುವನ್ನು ನೋಡಲು ಹೋಗಬೇಕಿತ್ತು. ಇಬ್ಬರೂ ಕೂತು ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ, ಕಾಲೊನಿಯ ಗೋಡೆಗುಂಟ ಎರಡು ಸುತ್ತು ಹೊಡೆದೆವು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಬ್ರೇಕ್ ಒತ್ತಿ ನೋಡಿದೆವು. ಹಿಂದಿನ ಬಲಗಡೆಯಿಂದ ಏನೋ ಕಟ್ ಅಂದಂತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನೇ ಮೊದಲು ಬಾಯಿಬಿಟ್ಟ. ಇಳಿದು ನೋಡಿದರೆ ಸರಿಯಾಗಿ ಹಾಕದ ಬಾಗಿಲು.