ಮರೆಯುವವರಿಗೆ ಕೊಟ್ಟ ಮಾತು

ಕೊಟ್ಟ ಮಾತನ್ನು ಕೇಳಿದವರು ಮರೆತೇಬಿಟ್ಟರೆ, ಅದನ್ನು ಮುರಿಯುವುದು ವಚನಭಂಗವಾಗುವುದೇ? ಕೇಳುವುದಕ್ಕೆ ಇದು ತರ್ಕದ ಚಮತ್ಕಾರವೆಂದು ತೋರಬಹುದು. ಆದರೆ ವೈದ್ಯರು ಡಿಮೆನ್ಷಿಯ ಎನ್ನುವ ಮರೆವಿನ ಬೇನೆಗೆ ಒಳಗಾದ ಹಿರಿಯರನ್ನು ಆರೈಕೆಯ ಮನೆಯೊಂದಕ್ಕೆ ಸೇರಿಸಿರುವ ಮಕ್ಕಳಿಗೆ ಇದು ನಿತ್ಯದ ಪ್ರಶ್ನೆ. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಪೈಕಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಈ ಬೇನೆಯುಳ್ಳವರು. ಆದುದರಿಂದ ಇದು ಎಲ್ಲೋ ಒಂದೆರಡು ಮನೆಗಳ ಮಾತಲ್ಲ.

ನನ್ನ ತಾಯಿ ಜಯನಗರಕ್ಕೆ ಸೊಸೆಯಾಗಿ ಬಂದು ಐವತ್ತು ವರ್ಷಗಳಿಗೆ ಮೇಲಾಗಿತ್ತು. ಒಲೆ ಹಚ್ಚಿ ಮರೆಯುವುದು, ನಡುರಾತ್ರಿಯಲ್ಲಿ ಬಾಗಿಲು ತೆಗೆದು ಹೊರಡುವುದು, ಇವು ಮಿತಿಮೀರುವವರೆಗೂ ಮನೆಯಲ್ಲಿಯೇ ನೋಡಿಕೊಂಡೆವು. ಕೊನೆಗೆ ಬನಶಂಕರಿಯ ಕಡೆಯ ಒಂದು ಆರೈಕೆಯ ಮನೆಗೆ ಕರೆದೊಯ್ದೆವು. ಅವಳ ಹಳೆಯ ಹೊದಿಕೆ, ಕಾಫಿಯ ಲೋಟ, ದೇವರ ಪಟ ಜೊತೆಯಲ್ಲಿ ಹೋದುವು. ಹೊರಡುವಾಗ ಅವಳು ಸೆರಗು ಸರಿಪಡಿಸಿಕೊಂಡು ನನ್ನೊಡನೆ ಎದ್ದಳು. ನಾನು, “ನಾಳೆ ಬಂದು ಕರೆದುಕೊಂಡು ಹೋಗುತ್ತೇನಮ್ಮ” ಎಂದೆ. ನಾಳೆಗೆ ಇದು ಅವಳ ನೆನಪಿನಲ್ಲಿ ಉಳಿಯುವುದಿಲ್ಲವೆಂಬ ಧೈರ್ಯದಿಂದಲೇ ಹಾಗೆಂದೆ. ಅದೇ ಮಾತನ್ನು ಹತ್ತು ಸಂಜೆ ಹೇಳಿದೆ.

ಹುಲಿಗೆ ಕೊಟ್ಟ ಮಾತನ್ನೂ ತಪ್ಪದ ಪುಣ್ಯಕೋಟಿಯ ಕಥೆಯನ್ನು ನನಗೆ ಹೇಳಿದವಳು ಇದೇ ತಾಯಿ. ಹುಲಿಗೆ ನೆನಪಿತ್ತು, ನನ್ನ ತಾಯಿಗೆ ಇಲ್ಲ. ಅಷ್ಟರಿಂದಲೇ ಅವಳಿಗೆ ಕೊಟ್ಟ ಮಾತು ಹಗುರವಾಯಿತೇ?

ಹಾಗೆಂದು ಇದ್ದುದನ್ನು ಇದ್ದ ಹಾಗೆ ನುಡಿಯುವುದೂ ಸುಲಭವಲ್ಲ. ದೀಪ ಹಚ್ಚುವ ಹೊತ್ತಾದರೆ ಅವಳಿಗೆ ಕಳವಳ: “ಕತ್ತಲಾಯ್ತಪ್ಪ, ಮನೆಗೆ ಹೋಗಬೇಕು, ನಮ್ಮಮ್ಮ ಕಾಯ್ತಿರ್ತಾಳೆ.” ಅಜ್ಜಿ ತೀರಿಕೊಂಡು ಮೂವತ್ತು ವರ್ಷಗಳಾದುವೆಂದು ತಿಳಿಸಿದರೆ, ಆ ದುಃಖ ಪ್ರತಿ ಸಂಜೆಯೂ ಅವಳಿಗೆ ಹೊಸದು. ಮರೆತುಹೋದ ಸಾವನ್ನು ದಿನದಿನವೂ ಸಾರುವ ಸತ್ಯಸಂಧತೆಗೆ ಧರ್ಮವೆಂಬ ಹೆಸರು ಸಲ್ಲದು.

ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇಲ್ಲಿ ವಿಚಾರಾರ್ಹವಾದುದು. ಆಲ್ಝೈಮರ್ ರೋಗಿಗಳಿಗೆ ಅವರು ದುಃಖದ ಮತ್ತು ಸಂತೋಷದ ಚಿತ್ರಗಳ ತುಣುಕುಗಳನ್ನು ತೋರಿಸಿದರು. ಕಂಡದ್ದು ಸ್ವಲ್ಪ ಹೊತ್ತಿನಲ್ಲಿಯೇ ಮರೆತುಹೋಯಿತು. ಅದು ಎಬ್ಬಿಸಿದ ಭಾವ ಮಾತ್ರ ಉಳಿದಿತ್ತು. ನನ್ನ ‘ನಾಳೆ’ಯೂ ಹೀಗೆಯೇ ಆಗಿರಬಹುದೆಂಬ ಅಂಜಿಕೆ ನನಗೆ: ಮಾತು ಅಳಿಯಿತು, ಕಾದು ಸೋತ ನೋವು ಉಳಿಯಿತು.

ಹನ್ನೊಂದನೆಯ ಸಂಜೆ ಅಲ್ಲಿಯ ಆಯಾ, ನಾನು ಬಾಯಿ ತೆರೆಯುವುದರೊಳಗೆ, ತಾಯಿಯ ಪಕ್ಕದಲ್ಲಿ ಕುಳಿತು, “ನಿಮ್ಮ ಮನೇಲಿ ಬಾವಿ ಇತ್ತಾ ಅಜ್ಜಿ?” ಎಂದು ಕೇಳಿದಳು. ತಾಯಿ ಹೊಳೆನರಸೀಪುರದ ಮನೆಯ ಬಾವಿ, ಹೇಮಾವತಿಯ ಪ್ರವಾಹ, ಹಿತ್ತಿಲ ಪಾರಿಜಾತ ಎಲ್ಲವನ್ನೂ ಹೇಳಿದಳು. ಅವಳು ಕೇಳುತ್ತಿದ್ದುದು ನಾನು ತಪ್ಪಿಸಿದ ಜಯನಗರದ ಮನೆಯನ್ನಲ್ಲ! ಆಯಾ ಸುಳ್ಳನ್ನೂ ಹೇಳಲಿಲ್ಲ, ನೋಯಿಸುವ ನಿಜವನ್ನೂ ಹೇಳಲಿಲ್ಲ; ಪಕ್ಕದಲ್ಲಿ ಕುಳಿತು ಕೇಳಿದಳು. ನನಗೆ ಆ ವ್ಯವಧಾನವಿರಲಿಲ್ಲ. ನನ್ನ ಸುಳ್ಳು ತಾಯಿಯ ನೆಮ್ಮದಿಗಾಗಿ ಹುಟ್ಟಿದುದಲ್ಲ. ನಾನು ಬೇಗನೆ ಬಾಗಿಲು ದಾಟುವುದಕ್ಕಾಗಿ ಹುಟ್ಟಿದುದು.

ಈಗ ನಾನು ನಡೆಸಬಲ್ಲ ಮಾತನ್ನು ಮಾತ್ರ ಕೊಡುತ್ತೇನೆ: “ಸಂಜೆ ದೀಪದ ಹೊತ್ತಿಗೆ ಬರುತ್ತೇನೆ.” ಮಳೆಯಿದ್ದರೂ ಹೋಗುತ್ತೇನೆ. ಅವಳಿಗೆ ಆ ಮಾತು ನೆನಪಿರುವುದಿಲ್ಲ. ಕೆಲವು ದಿನ ನಾನು ಯಾರೆಂಬುದೂ ತಿಳಿಯುವುದಿಲ್ಲ. ಆದರೂ ಆ ಹೊತ್ತಿನ ಕಳವಳ ಮೊದಲಿನಷ್ಟಿಲ್ಲ. ಮಾತನ್ನು ನೆನಪಿಡಬೇಕಾದವನು ಕೊಟ್ಟವನು, ಪಡೆದವನಲ್ಲ. ಇಬ್ಬರ ಪಾಲಿನ ನೆನಪನ್ನೂ ಒಬ್ಬನೇ ಹೊರಬೇಕಾಗಿ ಬಂದಾಗ ಮಾತಿನ ಭಾರ ಇಮ್ಮಡಿಸುವುದೇ ಹೊರತು ಇಳಿಯುವುದಿಲ್ಲ.