ಓಡಿ ಬಂದ ಹುಡುಗನಿಗೆ ಬಾಗಿಲು ತೆರೆದವರು



ಇಶಾ ನಮಾಝ್ ಮುಗಿದು, ಊಟವೂ ಆಗಿ, ನೀವು ಬಾಗಿಲಿಗೆ ಚಿಲಕ ಹಾಕುವ ಹೊತ್ತಿಗೆ ಹದಿನಾಲ್ಕು ವರ್ಷದ ಹುಡುಗನೊಬ್ಬ ಬಂದು ಜಗಲಿಯಲ್ಲಿ ನಿಂತನೆಂದು ಭಾವಿಸಿರಿ. ಮನೆ ಬಿಟ್ಟು ಓಡಿ ಬಂದಿದ್ದಾನೆ. ಹಸಿದಿದ್ದಾನೆ. "ಯಾರಿಗೂ ಹೇಳಬೇಡಿ" ಎಂದು ಬೇಡಿಕೊಳ್ಳುತ್ತಾನೆ. ಅವನಿಗೆ ಅನ್ನ ಬಡಿಸಲು ನೀವು ಹಿಂದೆ ಮುಂದೆ ನೋಡಲಾರಿರಿ. ಆದರೆ ಆ ಕೊನೆಯ ಮಾತಿಗೆ ಏನು ಉತ್ತರ ಕೊಡುವಿರಿ?

ಕಥೆ ಕಾದಂಬರಿಗಳಲ್ಲಿ ಈ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಮನೆಯವರು ಕ್ರೂರಿಗಳು, ಆಶ್ರಯ ಕೊಟ್ಟವರು ದಯಾಳುಗಳು ಎಂಬಷ್ಟಕ್ಕೇ ಓದುಗನ ಮನಸ್ಸು ತೃಪ್ತಿಪಟ್ಟುಕೊಳ್ಳುತ್ತದೆ. ಎಳೆಯ ಓದುಗರಂತೂ ಹಾಗೆಯೇ ಓದುತ್ತಾರೆ. ಆದರೆ ಒಳ್ಳೆಯ ಲೇಖಕರು ನಮ್ಮನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡುವುದಿಲ್ಲ.

ಚಾರ್ಲ್ಸ್ ಡಿಕನ್ಸ್‌ರ 'ಓಲಿವರ್ ಟ್ವಿಸ್ಟ್' 1837ರಿಂದ 1839ರ ವರೆಗೆ ಕಂತು ಕಂತಾಗಿ ಪ್ರಕಟವಾಯಿತು. ದುಡಿಯಲು ಇಟ್ಟ ಮನೆಯಲ್ಲಿ ಪೆಟ್ಟು ತಿಂದ ಅನಾಥ ಬಾಲಕ ಓಲಿವರ್ ಸುಮಾರು 70 ಮೈಲಿ ದೂರದ ಲಂಡನ್ನಿಗೆ ನಡೆದೇ ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕ ಹುಡುಗನೊಬ್ಬ ಹೊಟ್ಟೆ ತುಂಬಾ ತಿನ್ನಿಸಿ, ಬಾಡಿಗೆ ಕೇಳದೆ ಇರಲು ಜಾಗ ಕೊಡುವ ಮುದುಕನಿದ್ದಾನೆಂದು ಕರೆದೊಯ್ಯುತ್ತಾನೆ. ಆ ಮುದುಕನೇ ಫೇಗಿನ್. ಬಿಸಿ ಊಟ, ಹಾಸಿಗೆ, ನಗುವಿನ ಮಾತು, ಎಲ್ಲವೂ ಅಲ್ಲಿ ಸಿಗುತ್ತದೆ. ಅವನಿಗೆ ಬೇಕಾಗಿರುವುದು ಜೇಬು ಕತ್ತರಿಸುವ ಎಳೆಯ ಬೆರಳುಗಳು. ಮುಂದೆ ಬ್ರೌನ್‌ಲೋ ಎಂಬ ಸಜ್ಜನರು ಇದೇ ಹುಡುಗನನ್ನು ಮನೆಗೆ ಕರೆದೊಯ್ದು ಕಾಯಿಲೆಯಿಂದ ಉಳಿಸುತ್ತಾರೆ. ಅಲ್ಲಿಯೂ ಊಟ, ಹಾಸಿಗೆ, ಒಳ್ಳೆಯ ಮಾತು. ಹಸಿದ ಮಗುವಿಗೆ ಮೊದಲ ರಾತ್ರಿ ಈ ಎರಡು ಮನೆಗಳ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಬ್ರೌನ್‌ಲೋ ಅವನ ಕೈಗೆ ಪುಸ್ತಕಗಳನ್ನೂ ಐದು ಪೌಂಡಿನ ನೋಟನ್ನೂ ಕೊಟ್ಟು ಒಬ್ಬನನ್ನೇ ಅಂಗಡಿಗೆ ಕಳುಹಿಸುತ್ತಾರೆ. ಫೇಗಿನ್ ಅವನನ್ನು ಮರಳಿ ಹಿಡಿಸಿ ತಂದು ಕೋಣೆಯಲ್ಲಿ ಕೂಡಿ ಹಾಕುತ್ತಾನೆ. ನಿಯ್ಯತ್ತು ಬಯಲಾಗುವುದು ಇಲ್ಲಿ.

ಹಾಗೆ ಹಿಡಿಸಿ ತರುವ ಪ್ರಸಂಗವನ್ನು ನಾವು ನಿಂತು ಓದಬೇಕು. ಫೇಗಿನ್ ಕಳುಹಿಸಿದ ನ್ಯಾನ್ಸಿ ಎಂಬ ಯುವತಿ ನಡುಬೀದಿಯಲ್ಲಿ ಓಲಿವರ್‌ನನ್ನು ತಬ್ಬಿಕೊಂಡು, ತಂದೆತಾಯಿಯನ್ನು ಬಿಟ್ಟು ಓಡಿಹೋದ ತಮ್ಮ ಸಿಕ್ಕಿದನೆಂದು ಗೋಳಾಡುತ್ತಾಳೆ. ತನಗೆ ತಂದೆತಾಯಿಯೇ ಇಲ್ಲವೆಂದು ಹುಡುಗ ಕೂಗಿಕೊಂಡರೂ ಕೇಳುವವರಿಲ್ಲ. ನೆರೆದವರೆಲ್ಲ ಅವನನ್ನೇ ಗದರಿಸಿ ಕಳ್ಳರ ಕೈಗೆ ಒಪ್ಪಿಸುತ್ತಾರೆ. ಓಡಿಹೋದ ಮಗುವನ್ನು ಹೆತ್ತವರಿಗೆ ತಲುಪಿಸಿದೆವೆಂಬ ತೃಪ್ತಿ ಅವರಿಗೆ! ಆಶ್ರಯ ಕೊಡುವುದರಲ್ಲಿ ಮೋಸವಿರುವಂತೆಯೇ ಮರಳಿ ಒಪ್ಪಿಸುವುದರಲ್ಲೂ ಮೋಸವಿರಬಹುದು.

ಅಮೆರಿಕದ ಮಾರ್ಕ್ ಟ್ವೈನ್ 1884ರಲ್ಲಿ ಹೊರತಂದ 'ಹಕಲ್‌ಬರಿ ಫಿನ್' ಕಾದಂಬರಿಯಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಕುಡುಕ ತಂದೆಯಿಂದ ತಪ್ಪಿಸಿಕೊಂಡ ಹಕ್‌ಗೆ 13-14ರ ವಯಸ್ಸು. ಹುಡುಗಿಯ ವೇಷದಲ್ಲಿ ಒಂದು ಮನೆಗೆ ಹೋಗುತ್ತಾನೆ. ಮನೆಯೊಡತಿ ಜಾಣೆ; ಸೂಜಿಗೆ ದಾರ ಪೋಣಿಸುವ ರೀತಿಯಿಂದಲೇ ಗಂಡು ಹುಡುಗನೆಂದು ಕಂಡುಹಿಡಿಯುತ್ತಾಳೆ. ಒಡೆಯನ ಹಿಂಸೆಗೆ ಓಡಿ ಬಂದ ಹುಡುಗನಿರಬೇಕೆಂದು ಮರುಗಿ, ಗುಟ್ಟು ಬಿಡಲಾರೆನೆಂದು ಮಾತು ಕೊಟ್ಟು, ಬುತ್ತಿ ಕಟ್ಟಿಕೊಡುತ್ತಾಳೆ. ಎಂಥ ಹೆಂಗರುಳು ಎನ್ನುವಿರಿ. ಆದರೆ ಅದೇ ರಾತ್ರಿ ಅವಳ ಗಂಡ, ಓಡಿಹೋದ ಗುಲಾಮ ಜಿಮ್‌ನನ್ನು ಹಿಡಿಯಲು ಹೊರಟಿದ್ದಾನೆ. ಅವನ ತಲೆಗೆ 300 ಡಾಲರ್ ಬಹುಮಾನವಿದೆ. ಇದನ್ನು ಆಕೆಯೇ ಹಕ್‌ಗೆ ಹೇಳಿರುತ್ತಾಳೆ, ಎಳ್ಳಷ್ಟೂ ಅಳುಕಿಲ್ಲದೆ. ಓಡಿ ಬಂದವರು ಇಬ್ಬರು. ಬಿಳಿಯ ಹುಡುಗನಿಗೆ ಬುತ್ತಿ, ಕರಿಯ ಗುಲಾಮನಿಗೆ ಹಗ್ಗ. ಅವಳ ದಯೆ ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಅವಳಿಂದ ಯಾವ ಬೆಲೆಯನ್ನೂ ಕೇಳಲಿಲ್ಲ, ಅಷ್ಟೆ.

ಬೆಲೆ ತೆತ್ತ ಆಶ್ರಯವನ್ನು ನೋಡಬೇಕಾದರೆ ಮತ್ತೆ ಡಿಕನ್ಸ್‌ರಲ್ಲಿಗೇ ಹೋಗಬೇಕು. 1849-50ರ 'ಡೇವಿಡ್ ಕಾಪರ್‌ಫೀಲ್ಡ್'ನಲ್ಲಿ, ಇನ್ನೂ ಹದಿಹರೆಯ ಮುಟ್ಟದ ಡೇವಿಡ್ ಮಲತಂದೆ ದುಡಿಯಲು ಹಚ್ಚಿದ ಜಾಗದಿಂದ ಓಡಿ, ಉಟ್ಟ ಬಟ್ಟೆಯನ್ನೂ ದಾರಿಯಲ್ಲಿ ಮಾರಿಕೊಂಡು, ಡೋವರ್ ಎಂಬ ಊರಿನಲ್ಲಿರುವ ತನ್ನ ತಂದೆಯ ಸೋದರತ್ತೆ ಬೆಟ್ಸಿಯ ಮನೆಗೆ ಬರುತ್ತಾನೆ. ಗಂಡು ಹುಡುಗರೆಂದರೆ ಆಗದ ಮುಂಗೋಪಿ ಹೆಂಗಸು ಆಕೆ. ಆದರೂ ಸ್ನಾನ ಮಾಡಿಸಿ, ಉಣಬಡಿಸುತ್ತಾಳೆ. ಬಳಿಕ ಆಕೆ ಮಾಡುವ ಕೆಲಸ ಓದುಗನನ್ನು ಬೆಚ್ಚಿಬೀಳಿಸುತ್ತದೆ: ಹುಡುಗ ಇಲ್ಲಿದ್ದಾನೆಂದು ಆ ಮಲತಂದೆಗೇ ಪತ್ರ ಬರೆಯುತ್ತಾಳೆ! ನನ್ನನ್ನು ಅವರಿಗೆ ಒಪ್ಪಿಸುವಿರಾ ಎಂದು ಡೇವಿಡ್ ನಡುಗುತ್ತಾ ಕೇಳಿದರೆ, ಗೊತ್ತಿಲ್ಲ, ನೋಡೋಣ ಎಂಬಂಥ ಉತ್ತರ.

ಮೊದಲ ಓದಿನಲ್ಲಿ ಇದು ನಿರ್ದಯವೆನಿಸುತ್ತದೆ. ಆದರೆ ಯೋಚಿಸಿ. ಅವಳಿಗೆ ಗೊತ್ತಿರಲಿಲ್ಲ, ಆದ್ದರಿಂದ ಗೊತ್ತಿಲ್ಲವೆಂದಳು. ಮಗುವನ್ನು ಸಮಾಧಾನಪಡಿಸಲು ಸುಳ್ಳು ಮಾತು ಕೊಡಲಿಲ್ಲ. ಮಲತಂದೆ ಬಂದಾಗ ಎದುರಿಗೆ ಕೂರಿಸಿ ಅವನ ಮಾತನ್ನು ಕೇಳಿದಳು. ಹುಡುಗನನ್ನೂ ಕೇಳಿದಳು. ಆ ಮೇಲೆ, ಬಂದವನ ಮುಖಕ್ಕೇ ಹೇಳಿ ಹುಡುಗನನ್ನು ಉಳಿಸಿಕೊಂಡಳು. ಫೇಗಿನ್ ಯಾರಿಗೂ ತಿಳಿಯಬಾರದೆಂದು ಮಗುವನ್ನು ಅಡಗಿಸಿದ. ಬೆಟ್ಸಿ ತಿಳಿಸಿಯೇ ಕಾಪಾಡಿದಳು. ಅಮಾನತ್ ಎಂಬ ಪದದ ಅರ್ಥ ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅನ್ಯರ ಮಗು ಮನೆಯಲ್ಲಿರುವಾಗ ಅದರ ಲೆಕ್ಕ ಕೇಳುವವರು ಯಾರಾದರೂ ಇರಲೇಬೇಕು.

ಬೆಟ್ಸಿಗೆ ಮಲತಂದೆಯ ಹೊರತು ತಿಳಿಸಲು ಬೇರೆ ಯಾರೂ ಇರಲಿಲ್ಲ. ನಮಗೆ ಇದ್ದಾರೆ. ನಮ್ಮ ದೇಶದ 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, ಪಾಲಕರಿಂದ ಬೇರ್ಪಟ್ಟ ಮಗು ಸಿಕ್ಕಿದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ 1098 ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಹೊಡೆಯುವ ತಂದೆಯ ಕೈಗೇ ಮರಳಿ ಕೊಡಿ ಎಂದು ಕಾನೂನು ನಿಮಗೆ ಹೇಳುತ್ತಿಲ್ಲ. ಮೂರನೆಯವರೊಬ್ಬರು ಹುಡುಗನ ಮಾತು ಕೇಳಲಿ ಎನ್ನುತ್ತದೆ.

ಇಷ್ಟಾದರೂ ಜಗಲಿಯಲ್ಲಿ ನಿಂತ ಹುಡುಗನಿಗೆ ಇದನ್ನು ಹೇಳುವುದು ಕಷ್ಟ. ಹೇಳಿದರೆ ಅವನು ಕತ್ತಲಲ್ಲಿ ಮತ್ತೆ ಓಡಿಬಿಡಬಹುದು. ಬೆಟ್ಸಿಯ ಮನೆಯಲ್ಲಿ ಮೊದಲ ರಾತ್ರಿ ಡೇವಿಡ್ ಮಲಗಿದ ಕೋಣೆಗೆ ಹೊರಗಿನಿಂದ ಬೀಗ ಹಾಕಿದ್ದರು. ಓಡಿಹೋಗುವ ಅಭ್ಯಾಸದವನೆಂದು ಶಂಕಿಸಿರಬಹುದೆಂದು ಅವನೇ ಊಹಿಸಿಕೊಳ್ಳುತ್ತಾನೆ. ಫೇಗಿನ್‌ನ ಮನೆಯಲ್ಲೂ ಇದ್ದದ್ದು ಬೀಗವೇ. ಪತ್ರಕ್ಕೆ ಉತ್ತರ ಬರುವ ತನಕ ಆ ಹುಡುಗ ಒಂದೊಂದು ದಿನವನ್ನೂ ಹೇಗೆ ಕಳೆದಿರಬಹುದು?